ಬೆಳಿಗ್ಗೆ ಆರಕ್ಕೆ ಪೀಣ್ಯದಲ್ಲಿರಿ ಎಂದರೆ

ಡಿಸೆಂಬರ್ ಬಂತೆಂದರೆ ಪೀಣ್ಯದ ಕಾರ್ಖಾನೆಗಳ ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ಕಾಣಿಸಿಕೊಳ್ಳುತ್ತದೆ. 'ಎಲ್ಲಾ ಸಿಬ್ಬಂದಿ ಬೆಳಿಗ್ಗೆ 6 ಗಂಟೆಗೆ ಸರಿಯಾಗಿ ಗೇಟಿನ ಬಳಿ ಹಾಜರಿರತಕ್ಕದ್ದು. ತಡವಾಗಿ ಬಂದವರಿಗಾಗಿ ಬಸ್ ಕಾಯುವುದಿಲ್ಲ.' ಕೆಳಗೆ ರೆಸಾರ್ಟಿನ ಹೆಸರು, ಪಕ್ಕದಲ್ಲಿ ಈಜುಕೊಳದ ನೀಲಿ ಚಿತ್ರ. ಅಂಥ ಕಾಗದವನ್ನು ಟೈಪ್ ಮಾಡಿ, ಸಹಿ ಹಾಕಿಸಿ, ಗುಂಡುಪಿನ್ನು ಚುಚ್ಚುವ ಕೆಲಸ ನಮ್ಮ ಕಂಪನಿಯಲ್ಲಿ ನನ್ನ ಕೊರಳಿಗೆ ಬಿದ್ದು ಬಹಳ ಕಾಲವಾಯಿತು. ನಾನು ಲೆಕ್ಕಪತ್ರ ವಿಭಾಗದವಳು. ಹಾಜರಿ, ಸಂಬಳ, ಪಿಎಫ್, ಇಎಸ್‌ಐ ನೋಡುತ್ತೇನೆ. ವರ್ಷಕ್ಕೊಮ್ಮೆ ಟೂರ್ ಮ್ಯಾನೇಜರ್ ಆಗುತ್ತೇನೆ. ಆಫೀಸಿನವರು ಅದನ್ನು ಔಟಿಂಗ್ ಅನ್ನುತ್ತಾರೆ, ಶಾಪ್ ಫ್ಲೋರಿನವರು ಟ್ರಿಪ್ ಅನ್ನುತ್ತಾರೆ.

ಎಲ್ಲಾ ಸಿಬ್ಬಂದಿಗೆ ಎಂದು ಬರೆದ ಆ ಕಾಗದ ಎಲ್ಲರನ್ನೂ ಕರೆಯುವುದಿಲ್ಲ ಎಂಬುದು ಹಾಜರಿ ಪುಸ್ತಕ ಇಟ್ಟುಕೊಂಡವಳಿಗೆ ಬೇಗ ಗೊತ್ತಾಗುತ್ತದೆ. ಜಾಗ ಯಾವುದು, ಹೊರಡುವುದು ಎಷ್ಟು ಹೊತ್ತಿಗೆ ಎಂದು ನಿಗದಿಯಾದ ಗಳಿಗೆಯಲ್ಲೇ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದೂ ನಿಗದಿಯಾಗಿಬಿಡುತ್ತದೆ. ಊಟದಲ್ಲಿ ಮಟನ್ ಇದೆಯೋ ಇಲ್ಲವೋ, ರೇನ್ ಡ್ಯಾನ್ಸ್ ಇದೆಯೋ ಇಲ್ಲವೋ ಎಂಬ ಚರ್ಚೆಗೆ ನಾವು ಮೀಟಿಂಗ್ ಮಾಡುತ್ತೇವೆ. ಜಾಗ ಮಾತ್ರ ಯಾರೋ ಒಬ್ಬರು ಕಾರಿನಲ್ಲಿ ಹೋಗುವಾಗ ರಸ್ತೆ ಬದಿಯ ಹಲಗೆ ನೋಡಿ ಇಷ್ಟಪಟ್ಟದ್ದಾಗಿರುತ್ತದೆ.

ಪೀಣ್ಯದಲ್ಲಿ ಕೆಲಸ ಮಾಡುವವರು ಪೀಣ್ಯದಲ್ಲಿ ವಾಸ ಮಾಡುವುದು ಕಡಿಮೆ. ನಮ್ಮದು ಹೈಡ್ರಾಲಿಕ್ ಫಿಟ್ಟಿಂಗ್ ತಯಾರಿಸುವ ಘಟಕ. ಅಸೆಂಬ್ಲಿ ಮತ್ತು ಪ್ಯಾಕಿಂಗ್‌ನ ಹೆಣ್ಣುಮಕ್ಕಳು ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ಬಾಗಲಗುಂಟೆ ಕಡೆಯವರು. ಹಳೆಯ ಟರ್ನರುಗಳಲ್ಲಿ ಕೆಲವರು ತುಮಕೂರಿನಿಂದ ರೈಲಿನಲ್ಲಿ ಬಂದು ಯಶವಂತಪುರದಲ್ಲಿಳಿದು ಮೆಟ್ರೊ ಹಿಡಿಯುತ್ತಾರೆ. ಒಬ್ಬರು ಡಾಬಸ್‌ಪೇಟೆ, ಇನ್ನೊಬ್ಬರು ಮಾಗಡಿ ರಸ್ತೆಯ ತಾವರೆಕೆರೆ. ಡಿಸೈನ್ ವಿಭಾಗದ ಹುಡುಗರು ಕೆಂಗೇರಿ, ವಿಜಯನಗರದಿಂದ ಬೈಕಿನಲ್ಲಿ ಬರುತ್ತಾರೆ. ಮಾಲೀಕರದು ಕಾರು.

ಆರು ಗಂಟೆಗೆ ಗೇಟಿನ ಬಳಿ ಇರಬೇಕೆಂದರೆ ಲಗ್ಗೆರೆಯ ಹೆಣ್ಣುಮಗಳು ನಾಲ್ಕಕ್ಕೆ ಎದ್ದು ನೀರು ತುಂಬಿಸಿ, ಮಧ್ಯಾಹ್ನದ ಅಡುಗೆಯನ್ನೂ ಮುಗಿಸಿ, ಮಗುವನ್ನು ಯಾರ ಕೈಗಾದರೂ ಒಪ್ಪಿಸಬೇಕು. ಬೆಳಗಿನ ಕತ್ತಲಲ್ಲಿ ಅವಳನ್ನು ಗೇಟಿನವರೆಗೆ ಬಿಡಲು ಮನೆಯಲ್ಲಿ ಒಬ್ಬರು ಏಳಬೇಕು. ತುಮಕೂರಿನವರೊಬ್ಬರು ಒಮ್ಮೆ ನೋಟಿಸ್ ಓದಿ ನನ್ನ ಮೇಜಿನ ಹತ್ತಿರ ಬಂದು, 'ಮೇಡಂ, ಆರಕ್ಕೆ ಇಲ್ಲಿರ್ಬೇಕು ಅಂದ್ರೆ ನಾನು ಹಿಂದಿನ ರಾತ್ರಿನೇ ಬಂದು ಸೆಕ್ಯೂರಿಟಿ ರೂಮಲ್ಲಿ ಮಲಗ್ಬೇಕು' ಅಂದರು. ನಕ್ಕೇ ಹೇಳಿದರು. ಆದರೆ ಆ ವರ್ಷ ಬರಲಿಲ್ಲ.

ಹೋಗುವುದು ಸಾಮಾನ್ಯವಾಗಿ ಕನಕಪುರ ರಸ್ತೆಗೋ ಬಿಡದಿಯ ಆಚೆಗೋ ದೇವನಹಳ್ಳಿ ಕಡೆಗೋ. ಪೀಣ್ಯದಿಂದ ಕನಕಪುರ ರಸ್ತೆಗೆ ನೈಸ್ ರಸ್ತೆಯಲ್ಲಿ ಸುತ್ತು ಹಾಕಿ ಹೋದರೆ ಬೆಳಿಗ್ಗೆಯ ಪ್ರಯಾಣ ಪರವಾಗಿಲ್ಲ. ಸಂಜೆಯದೇ ಕಥೆ. ರೆಸಾರ್ಟಿನವರು ಐದಕ್ಕೆ ಕಾಫಿ, ಪಕೋಡ ಕೊಟ್ಟು ಕಳಿಸುತ್ತಾರೆ. ಗ್ರೂಪ್ ಫೋಟೊ, ಕಳೆದುಹೋದ ಚಪ್ಪಲಿಯ ಹುಡುಕಾಟ, ಇನ್ನೊಂದು ಹಾಡಿಗೆ ಕುಣಿಯಬೇಕೆಂಬ ಹಟ ಎಲ್ಲ ಮುಗಿದು ಬಸ್ ಹೊರಡುವಾಗ ಆರೂವರೆ. ಪೀಣ್ಯ ಸೇರುವಾಗ ಒಂಬತ್ತು ದಾಟಿರುತ್ತದೆ. ಅಲ್ಲಿಂದ ಮುಂದೆ ಮನೆಗೆ ಹೇಗೆ ಹೋಗಬೇಕೆಂಬುದು ನೋಟಿಸಿನಲ್ಲಿ ಇರುವುದಿಲ್ಲ. ಕಂಪನಿಯ ಲೆಕ್ಕದಲ್ಲಿ ಪ್ರಯಾಣ ಗೇಟಿನಿಂದ ಗೇಟಿಗೆ. ಜನರ ಲೆಕ್ಕದಲ್ಲಿ ಅದು ಹೊಸಿಲಿನಿಂದ ಹೊಸಿಲಿಗೆ.

ಬಾರದವರ ಪಟ್ಟಿ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಪುಟ್ಟ ಮಕ್ಕಳ ತಾಯಂದಿರು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯೋ ಅಪ್ಪನೋ ಇರುವವರು, ಮಂಡಿನೋವಿನ ಹಿರಿಯರು, ದೂರದ ಊರಿನವರು. ಆದರೆ ಇವರಲ್ಲಿ ಒಬ್ಬರೂ 'ದೂರ' ಎಂದು ಕಾರಣ ಕೊಡುವುದಿಲ್ಲ. ನೆಂಟರ ಮನೆ ಗೃಹಪ್ರವೇಶ, ಮಗಳಿಗೆ ಜ್ವರ, ಊರಲ್ಲಿ ಜಮೀನಿನ ಕೆಲಸ, 'ನಮ್ಮೆಜಮಾನ್ರು ಬೇಡ ಅಂದ್ರು'. ಕಂಪನಿ ದುಡ್ಡು ಹಾಕಿ ಕರೆಯುತ್ತಿರುವಾಗ ದೂರ ಅನ್ನುವುದು ಅಹಂಕಾರ ಅನ್ನಿಸೀತು ಎಂಬ ಸಂಕೋಚ ನಮ್ಮವರಿಗೆ. ಹಾಗಾಗಿ ಮಾಲೀಕರಿಗೆ ಸಮಸ್ಯೆ ಗೊತ್ತೇ ಆಗುವುದಿಲ್ಲ. ಅವರ ಕಣ್ಣಿಗೆ ಬೀಳುವುದು ಬಸ್ಸಿನಲ್ಲಿ ಖಾಲಿ ಬಿದ್ದ ಸೀಟುಗಳು. 'ಇವರಿಗೆ ಎಷ್ಟು ಮಾಡಿದರೂ ಆಸಕ್ತಿಯೇ ಇಲ್ಲ' ಎಂಬ ತೀರ್ಮಾನಕ್ಕೆ ಅಷ್ಟು ಸಾಕು.

ಲೆಕ್ಕದವಳಾಗಿ ಒಂದು ಮಾತು. ರೆಸಾರ್ಟುಗಳು ಮಿನಿಮಮ್ ಗ್ಯಾರಂಟಿ ಎಂದು ಬರೆಸಿಕೊಳ್ಳುತ್ತವೆ. ಇಷ್ಟು ತಲೆ ಎಂದು ಮೊದಲೇ ಒಪ್ಪಿದರೆ ಮುಗಿಯಿತು, ಬಾರದವರ ಊಟಕ್ಕೂ ದುಡ್ಡು ಕಟ್ಟಬೇಕು. ಬಸ್ಸಿನ ಬಾಡಿಗೆಯಂತೂ ಸೀಟು ತುಂಬಿದರೂ ಅಷ್ಟೇ, ಖಾಲಿಯಿದ್ದರೂ ಅಷ್ಟೇ. ಟೋಲ್, ಚಾಲಕರ ಬಾಟಾ, ಜಿಎಸ್‌ಟಿ ಬೇರೆ. ಬಾರದವರ ಹೆಸರಿನಲ್ಲಿ ಹೀಗೆ ಖರ್ಚಾದ ಹಣವನ್ನು ನಾನು 'ಸಿಬ್ಬಂದಿ ಕಲ್ಯಾಣ' ಎಂಬ ಶೀರ್ಷಿಕೆಯಡಿ ಬರೆಯುತ್ತೇನೆ. ಆಡಿಟರ್ ಇದುವರೆಗೆ ಏನೂ ಕೇಳಿಲ್ಲ.

ನಮ್ಮಲ್ಲಿ ಯಾರೂ ತಪ್ಪಿಸಿಕೊಳ್ಳದ ಕಾರ್ಯಕ್ರಮ ಒಂದಿದೆ. ಆಯುಧಪೂಜೆ. ಹಿಂದಿನ ದಿನವೇ ಲೇತು, ಮಿಲ್ಲಿಂಗ್ ಮಷೀನುಗಳನ್ನು ಡೀಸೆಲ್ ಹಾಕಿ ಒರೆಸಿ, ಬಾಳೆಕಂಬ ಕಟ್ಟಿ, ಸಿಎನ್‌ಸಿ ಮಷೀನಿನ ಪರದೆಗೂ ವಿಭೂತಿ, ಕುಂಕುಮ ಇಟ್ಟು, ಕುಂಬಳಕಾಯಿ ಒಡೆದರೆ ದೃಷ್ಟಿ ಕಳೆದಂತೆ. ಅಂದು ತುಮಕೂರಿನವರು ಹೆಂಡತಿ ಮಕ್ಕಳ ಜೊತೆ ಬರುತ್ತಾರೆ. ಪ್ಯಾಕಿಂಗ್‌ನ ಹೆಣ್ಣುಮಕ್ಕಳು ರೇಷ್ಮೆ ಸೀರೆ ಉಟ್ಟು ಅತ್ತೆಯನ್ನೂ ಕರೆತರುತ್ತಾರೆ. ಪುರಿ, ಸಿಹಿ ಡಬ್ಬಿ, ಬಾಳೆಎಲೆ ಊಟ. ಮಧ್ಯಾಹ್ನ ಮೂರಕ್ಕೆ ಎಲ್ಲರೂ ಮನೆಗೆ. ಭಕ್ತಿ ಕಾರಣ, ಒಪ್ಪುತ್ತೇನೆ, ಬೋನಸ್ಸೂ ಕಾರಣ. ಆದರೆ ಅದು ನಡೆಯುವುದು ಅವರಿಗೆ ದಾರಿ ಗೊತ್ತಿರುವ ಜಾಗದಲ್ಲಿ, ಹಗಲು ಹೊತ್ತಿನಲ್ಲಿ, ಮನೆಯವರನ್ನೂ ಕರೆತರಬಹುದಾದ ಕಡೆ ಎಂಬುದೂ ಕಾರಣ. ಎಪ್ಪತ್ತು ಜನರನ್ನು ಒಂದು ಕಡೆ ಸೇರಿಸುವುದು ಹೇಗೆಂದು ಪೀಣ್ಯಕ್ಕೆ ಗೊತ್ತಿಲ್ಲದೆ ಏನಿಲ್ಲ. ಗೊತ್ತಿರುವುದನ್ನು ಪಕ್ಕಕ್ಕಿಟ್ಟು ಸಾಫ್ಟ್‌ವೇರ್ ಕಂಪನಿಗಳು ಮಾಡಿದ್ದನ್ನು ನೋಡಿ ಮಾಡಲು ಹೊರಟಿದ್ದೇವೆ.

ಔಟಿಂಗ್ ಊರೊಳಗೇ ಆಗಲಿ ಎಂಬ ನನ್ನ ಮಾತನ್ನು ಡಿಸೈನ್ ಹುಡುಗರು ಒಪ್ಪುವುದಿಲ್ಲ. 'ಲಾಲ್‌ಬಾಗ್ ಅಂದ್ರೆ ಸ್ಕೂಲ್ ಪಿಕ್‌ನಿಕ್ ಥರ ಆಗತ್ತೆ ಮೇಡಂ. ಊರು ಬಿಟ್ಟು ಹೋದ್ರೇನೇ ಟ್ರಿಪ್.' ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಊರು ದಾಟಿದಾಗ ಮನುಷ್ಯ ಸ್ವಲ್ಪ ಬೇರೆಯಾಗುತ್ತಾನೆ. ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡುವಾಗ ನಮ್ಮ ಕ್ಯೂಸಿ ವಿಭಾಗದ ಗಂಭೀರ ಮನುಷ್ಯ ರಾಜಕುಮಾರ್ ಹಾಡುಗಳನ್ನು ಒಂದರ ಹಿಂದೆ ಒಂದು ಹಾಡಿದ್ದನ್ನು ನಾನೇ ಕೇಳಿದ್ದೇನೆ. ಮೆಟ್ರೊದಲ್ಲಿ ಹಾಗೆ ಹಾಡಲಾಗುವುದಿಲ್ಲ. ಊರೊಳಗಿನ ಔಟಿಂಗಿನಲ್ಲಿ ಬಸ್ಸನ್ನು ಕಳೆದುಕೊಳ್ಳುತ್ತೇವೆ, ಅದು ಸಣ್ಣ ನಷ್ಟವಲ್ಲ. ನನ್ನ ಉತ್ತರ ಇಷ್ಟೆ: ಸಕಲೇಶಪುರಕ್ಕೋ ಗೋಕರ್ಣಕ್ಕೋ ಹೋಗುವ ಗೆಳೆಯರ ಗುಂಪು ತಾನಾಗಿ ಹೋಗಲಿ, ರಜೆ ಬೇಕಿದ್ದರೆ ನಾನೇ ಸಹಿ ಹಾಕಿಸಿಕೊಡುತ್ತೇನೆ. ಕಂಪನಿಯ ಹೆಸರಿನಲ್ಲಿ, ಕಂಪನಿಯ ದುಡ್ಡಿನಲ್ಲಿ ಹೋಗುವುದಾದರೆ ಅದು ಹಾಜರಿ ಪುಸ್ತಕದಲ್ಲಿರುವ ಎಲ್ಲರಿಗೂ ಎಟುಕಬೇಕು. ಊರು ಬಿಟ್ಟರೆ ಕೆಲಸ ಮರೆಯುತ್ತದೆ ಎಂಬುದಂತೂ ಈಗ ಸುಳ್ಳು. ಡಿಸ್‌ಪ್ಯಾಚ್‌ನವರ ಫೋನು ಈಜುಕೊಳದ ಪಕ್ಕದಲ್ಲೂ ಹೊಡೆದುಕೊಳ್ಳುತ್ತದೆ.

ಹಾಗಾದರೆ ಜಾಗ ಆರಿಸುವುದು ಹೇಗೆ? ನಾನು ಮಾಡುವುದು ಗುಮಾಸ್ತಿಕೆಯ ಕೆಲಸ. ಹೆಸರಿನ ಪಟ್ಟಿ ತೆಗೆದು ಪ್ರತಿ ಹೆಸರಿನ ಮುಂದೆ ಬಡಾವಣೆ ಬರೆಯುತ್ತೇನೆ. ಎಲ್ಲರಿಗಿಂತ ತಡವಾಗಿ ಮನೆ ಸೇರುವವರು ಯಾರು ಎಂದು ನೋಡುತ್ತೇನೆ. ನಮ್ಮಲ್ಲಿ ಅದು ತುಮಕೂರಿನವರು. ಅವರು ದಿನವೂ ಹಿಡಿಯುವ ಸಂಜೆಯ ರೈಲಿಗೆ ಯಶವಂತಪುರದಲ್ಲಿ ಇರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದರೆ ಕಾರ್ಯಕ್ರಮ ಎಷ್ಟಕ್ಕೆ ಮುಗಿಯಬೇಕು, ಎಲ್ಲಿ ಮುಗಿಯಬೇಕು, ಎಷ್ಟಕ್ಕೆ ಶುರುವಾಗಬೇಕು ಎಲ್ಲ ತಾನಾಗಿ ಸಿಗುತ್ತದೆ. ಮೊದಲು ಜಾಗ ಆರಿಸಿ ಆಮೇಲೆ ಜನರನ್ನು ಅದಕ್ಕೆ ಹೊಂದಿಸಲು ಹೋದರೆ ಅರ್ಧ ಜನ ಹೊಂದುವುದೇ ಇಲ್ಲ.

ಪೀಣ್ಯದ ಪುಣ್ಯಕ್ಕೆ ಹಸಿರು ಮಾರ್ಗ ಇದೆ. 2014ರ ಮಾರ್ಚಿನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿವರೆಗೆ ಮೆಟ್ರೊ ಓಡಿತು, ಮರುವರ್ಷ ನಾಗಸಂದ್ರ ಮುಟ್ಟಿತು, 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬೆಳೆಯಿತು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತು ಬೆವರಿದವರಿಗೆ ಇದರ ಬೆಲೆ ಗೊತ್ತು. 2025ರ ಫೆಬ್ರವರಿಯಲ್ಲಿ ದರ ಏರಿಸಿ ಗರಿಷ್ಠ 90 ರೂಪಾಯಿ ಮಾಡಿದಾಗ ನಾನೂ ಬೈದಿದ್ದೇನೆ. ಆದರೂ ಒಂದು ಬಸ್ಸಿನ ಬಾಡಿಗೆಯ ಮುಂದೆ ಅದು ಏನೂ ಅಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳು ಬಿಎಂಟಿಸಿ ಬಸ್ಸಿನಲ್ಲಿ ಮನೆಯವರ ಹತ್ತಿರ ಕಾಸು ಕೇಳದೆ ಮೆಜೆಸ್ಟಿಕ್ಕಿಗೋ ಮಾರ್ಕೆಟ್ಟಿಗೋ ಬಂದುಹೋಗುತ್ತಾರೆ. ರೆಸಾರ್ಟಿನ ಗೇಟಿಗೆ ಆ ಬಸ್ಸು ಹೋಗುವುದಿಲ್ಲ. ಊರೊಳಗಿನ ಜಾಗವಾದರೆ ನಡುವೆ ಎದ್ದು ಹೋಗಬೇಕಾದವರು ಹೋಗಬಹುದು, ತಡವಾಗಿ ಬರುವವರು ಬರಬಹುದು. ಮಗುವಿಗೆ ಹುಷಾರಿಲ್ಲ ಎಂದು ಫೋನ್ ಬಂದರೆ ಬಸ್ಸಿನ ಚಾಲಕನನ್ನು ಬೇಡಿಕೊಳ್ಳಬೇಕಿಲ್ಲ. ಬರಲೋ ಬೇಡವೋ ಎಂದು ಅನುಮಾನಿಸುವ ಹೆಣ್ಣುಮಗಳಿಗೆ ಈಜುಕೊಳಕ್ಕಿಂತ ಇದು ದೊಡ್ಡದು.

ಒಂದು ಸಲ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಎಂದು ತೀರ್ಮಾನವಾಯಿತು. 1962ರಲ್ಲಿ ನೆಹರೂ ಉದ್ಘಾಟಿಸಿದ ಜಾಗ, ಬೆಂಗಳೂರಿನ ಮಕ್ಕಳೆಲ್ಲ ಶಾಲೆಯಿಂದ ಒಮ್ಮೆ ಹೋಗಿ ಬಂದಿರುತ್ತಾರೆ. ಹಾಗಾಗಿಯೇ ಹುಡುಗರು ಮೂಗು ಮುರಿದರು. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ನಡೆದೆವು. ಸ್ಟೋರ್ಸಿನಲ್ಲಿ ಕಾಲಿಗೆ ಕ್ಯಾಲಿಪರ್ ಹಾಕಿಕೊಳ್ಳುವ ಒಬ್ಬರಿದ್ದಾರೆ. ಟೂರಿಸ್ಟ್ ಬಸ್ಸಿನ ಎತ್ತರದ ಮೆಟ್ಟಿಲು ಅವರಿಗೆ ಆಗದು. ಮೆಟ್ರೊದಲ್ಲಿ ಲಿಫ್ಟಿನಲ್ಲೇ ಬಂದರು, ಉಳಿದ ದಾರಿಗೆ ಆಟೊ ಮಾಡಿಸಿದೆ.

ಎಂಜಿನ್ ಹಾಲಿನಲ್ಲಿ ಆದದ್ದನ್ನು ಹೇಳಬೇಕು. ರೆಸಾರ್ಟಿಗೆ ಎಂದೂ ಬಾರದಿದ್ದ ನಮ್ಮ ಹಿರಿಯ ಟರ್ನರ್ ಒಬ್ಬರು ಒಂದು ಹಳೆಯ ಎಂಜಿನ್ನಿನ ಮುಂದೆ ನಿಂತವರು ಅಲುಗಾಡಲಿಲ್ಲ. ಮೊದಲು ತಮ್ಮಷ್ಟಕ್ಕೆ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಡಿಸೈನ್ ಹುಡುಗನಿಗೆ, 'ಇಲ್ನೋಡಪ್ಪ, ಈ ಕ್ರ್ಯಾಂಕ್ ಇಲ್ಲಿ ಯಾಕೆ ದಪ್ಪ ಮಾಡವ್ರೆ ಹೇಳು' ಅಂದರು. ಅವನಿಗೆ ಗೊತ್ತಾಗಲಿಲ್ಲ. ಅವರು ಹೇಳತೊಡಗಿದರು. ಇನ್ನಿಬ್ಬರು ಬಂದು ನಿಂತರು. ದಿನವೂ ಡ್ರಾಯಿಂಗ್ ಕಳಿಸುವವರು ಮೇಲಿನ ಮಹಡಿಯಲ್ಲಿ, ಅದನ್ನು ಕಡೆಯುವವರು ಕೆಳಗೆ. ಇಬ್ಬರ ನಡುವೆ ನಡೆಯುವ ಮಾತು 'ಈ ಟಾಲರೆನ್ಸ್ ಸಾಧ್ಯವಿಲ್ಲ', 'ಸಾಧ್ಯ ಮಾಡಿ' ಅಷ್ಟೆ. ಅಂದು ಹುಡುಗರು ಪ್ರಶ್ನೆ ಕೇಳಿದರು, ಅವರು ಉತ್ತರ ಕೊಟ್ಟರು. ರೈಟ್ ಸಹೋದರರ ವಿಮಾನದ ಮಾದರಿಯ ಹತ್ತಿರ ಹೋಗುವಷ್ಟರಲ್ಲಿ ವಾದವೇ ಶುರುವಾಗಿತ್ತು. ಕಣ್ಣು ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ ಆಡಿಸಿ ಒಗ್ಗಟ್ಟು ತರುತ್ತೇವೆಂದು ಹೇಳುವ ತರಬೇತುದಾರರು ನಮ್ಮಲ್ಲಿಗೂ ಬಂದಿದ್ದಾರೆ, ಅವರ ಬಿಲ್ ಪಾಸು ಮಾಡಿದವಳೂ ನಾನೇ. ಆ ದಿನಗಳಲ್ಲಿ ಆ ಟರ್ನರ್ ಮನೆಯಲ್ಲಿದ್ದರು. ಈ ಸಲ ಬಂದದ್ದು ಮ್ಯೂಸಿಯಂ ಮೇಲಿನ ಮೋಹದಿಂದ ಏನಲ್ಲ. 'ಐದೂವರೆಗೆ ಯಶವಂತಪುರದಲ್ಲಿ ಇರ್ತೀನಲ್ಲ, ಬರ್ತೀನಿ ಬಿಡಿ' ಅಂದಿದ್ದರು.

ಇನ್ನೊಂದು ಸಲ ಮಲ್ಲೇಶ್ವರ. ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದರೆ ಸಾಕು. ಮೊಬೈಲಿನಲ್ಲಿ ಒಂದೇ ಕ್ಯೂಆರ್ ಟಿಕೆಟಿನಲ್ಲಿ ಆರು ಜನ ಹೋಗಬಹುದಾದ ಸೌಲಭ್ಯ 2023ರಲ್ಲೇ ಬಂದಿದೆ. ನಾನು ಅದನ್ನೇ ಹಿಡಿದು ಆರಾರು ಜನರ ತಂಡ ಮಾಡಿದೆ. ಪ್ರತಿ ತಂಡದಲ್ಲೂ ಶಾಪ್ ಫ್ಲೋರಿನವರು, ಪ್ಯಾಕಿಂಗ್‌ನವರು, ಆಫೀಸಿನವರು ಕಡ್ಡಾಯ. ಕೈಗೆ ತಿಂಡಿಯ ದುಡ್ಡು, ಒಂದು ಚೀಟಿ. ಚೌಡಯ್ಯ ಸ್ಮಾರಕ ಭವನದ ಪಿಟೀಲು ಎಷ್ಟು ಹೆಜ್ಜೆ ಉದ್ದ ಎಂದು ಅಳೆದು ಬರಬೇಕು. ನಂದಿಯ ಬಾಯಿಂದ ನೀರು ಬೀಳುವ ನಂದಿತೀರ್ಥದ ಎದುರಿಗೆ ಯಾವ ದೇವಸ್ಥಾನ ಎಂದು ಬರೆಯಬೇಕು. 1882ರಲ್ಲಿ ಕಟ್ಟಿಸಿದ ಸ್ಯಾಂಕಿ ಕೆರೆಯ ಏರಿಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬೇಕು. ಎಂಟನೇ ಕ್ರಾಸಿನಲ್ಲಿ ನೂರು ರೂಪಾಯಿಗೆ ಅತಿ ಹೆಚ್ಚು ಬಗೆಯ ಸಾಮಾನು ಕೊಂಡು ತರಬೇಕು.

ಪಿಟೀಲಿನ ಅಳತೆಯಲ್ಲಿ ಮಷೀನಿಸ್ಟುಗಳು ಗೆದ್ದರು, ಅದು ನಿರೀಕ್ಷಿತ. ಎಂಟನೇ ಕ್ರಾಸಿನಲ್ಲಿ ಪ್ಯಾಕಿಂಗ್‌ನ ಹೆಣ್ಣುಮಕ್ಕಳ ಮುಂದೆ ಯಾರೂ ನಿಲ್ಲಲಿಲ್ಲ. ಸೇಫ್ಟಿ ಪಿನ್, ರಿಬ್ಬನ್, ಅರಿಸಿನದ ಕೊಂಬು, ಬತ್ತಿ, ಒಂದು ಮೊಳ ಕಾಕಡ, ಕೊನೆಗೆ ಎರಡು ನಿಂಬೆಹಣ್ಣು, ಅದೂ ಚೌಕಾಸಿ ಮಾಡಿ. ಪರ್ಚೇಸ್ ವಿಭಾಗದ ಮ್ಯಾನೇಜರ್ ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದರು. ಜಿಪ್‌ಲೈನಿನಲ್ಲಿ ಜೋತಾಡುವ ಕಡೆ ಪ್ರತಿ ಸಲ ಗೆಲ್ಲುವುದು ಇಪ್ಪತ್ತೈದರ ಹುಡುಗರು, ಉಳಿದವರು ನೆರಳಲ್ಲಿ ಕೂತು ಅವರ ಬಟ್ಟೆ ಕಾಯುತ್ತಾರೆ.

ಎಪ್ಪತ್ತು ಜನರನ್ನು ಒಟ್ಟಿಗೆ ಕರೆದುಕೊಂಡು ಸಿಟಿಆರ್‌ಗೋ ವಿದ್ಯಾರ್ಥಿ ಭವನಕ್ಕೋ ಹೋಗಬೇಡಿ. ಆ ಹೋಟೆಲುಗಳು ಕಟ್ಟಿದ್ದು ಅದಕ್ಕಲ್ಲ, ಸರತಿಯಲ್ಲಿ ನಿಂತ ಬೇರೆಯವರ ಶಾಪವೂ ತಟ್ಟುತ್ತದೆ. ಆರು ಜನರಾದರೆ ಎಲ್ಲಿಯೂ ಜಾಗ ಸಿಗುತ್ತದೆ, ಒಬ್ಬರಿಗೆ ಬೆಣ್ಣೆ ಮಸಾಲೆ, ಇನ್ನೊಬ್ಬರಿಗೆ ಬಿರಿಯಾನಿ ಬೇಕಿದ್ದರೆ ಅದನ್ನೂ ಅವರೇ ಬಗೆಹರಿಸಿಕೊಳ್ಳುತ್ತಾರೆ. ಶೌಚಾಲಯ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಗಂಡಸರು ಏರ್ಪಾಡು ಮಾಡಿದ ಔಟಿಂಗುಗಳಲ್ಲಿ ಇದನ್ನು ಯಾರೂ ನೋಡಿರುವುದಿಲ್ಲ. ಮೆಟ್ರೊ ನಿಲ್ದಾಣಗಳಲ್ಲಿ ಇರುತ್ತದೆ, ಪಾರ್ಕುಗಳಲ್ಲಿ ಬಾಗಿಲಿಗೆ ಬೀಗ ಹಾಕಿರುವುದೂ ಉಂಟು. ಲಾಲ್‌ಬಾಗಿಗೆ ಹೋಗುವುದಾದರೆ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನದ ದಿನಗಳು ಬೇಡವೇ ಬೇಡ. ಉಳಿದ ದಿನಗಳಲ್ಲಿ 300 ಕೋಟಿ ವರ್ಷ ಹಳೆಯ ಆ ಬಂಡೆಯ ಮೇಲೆ ಕೂತು ಹರಟುವುದಕ್ಕೆ ಯಾವ ಪ್ಯಾಕೇಜೂ ಬೇಕಿಲ್ಲ. ಡಬ್ಬಿ ಬಿಚ್ಚಿ, ಮೈಕು ಹಿಡಿದು, ಬ್ಯಾಟು ಬೀಸಿ ಗದ್ದಲ ಮಾಡುವ ಜಾಗ ಮಾತ್ರ ಅದಲ್ಲ. ಕ್ರಿಕೆಟ್ ಬೇಕೇಬೇಕು ಅನ್ನುವವರಿಗೆ ಈಗ ಬಲೆ ಕಟ್ಟಿದ ಬಾಡಿಗೆ ಟರ್ಫುಗಳು ಬಡಾವಣೆಗೊಂದು ಎದ್ದಿವೆ.

ನಾನೇ ಕೈಬಿಟ್ಟ ಜಾಗವೂ ಇದೆ. ಜೆ.ಪಿ. ನಗರದ ರಂಗಶಂಕರ ನನಗೆ ಇಷ್ಟ. 2004ರಿಂದ ನಡೆಯುತ್ತಿರುವ ಆ ರಂಗಮಂದಿರದಲ್ಲಿ ನಾಟಕ ಸಂಜೆ ಏಳೂವರೆಗೆ ಅಂದರೆ ಏಳೂವರೆಗೆ, ತಡವಾದವರಿಗೆ ಬಾಗಿಲು ತೆರೆಯುವುದಿಲ್ಲ. ಎಲ್ಲರೂ ಸೇರಿ ಒಂದು ಕನ್ನಡ ನಾಟಕ ನೋಡಬೇಕೆಂಬ ಆಸೆ ನನಗೆ ಇಂದಿಗೂ ಇದೆ. ಆದರೆ ನಾಟಕ ಬಿಡುವಾಗ ಒಂಬತ್ತಾಗುತ್ತದೆ, ಪೀಣ್ಯ ಊರಿನ ಇನ್ನೊಂದು ತುದಿ, ತುಮಕೂರಿನ ಮಾತೇ ಬೇಡ. ಜಾಗ ನನಗೆ ಇಷ್ಟವೆಂದು ನಿಯಮ ಸಡಿಲಿಸಿದರೆ ರಸ್ತೆ ಬದಿಯ ಹಲಗೆ ನೋಡಿ ಆರಿಸುವವರನ್ನು ಬೈಯುವ ಹಕ್ಕು ನನಗೆಲ್ಲಿ?

ಇದು ಪೀಣ್ಯದ ಲೆಕ್ಕ. ಬೇರೆ ಕಡೆಯವರದು ಬೇರೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟ್ 10ರವರೆಗೆ ಸಿಲ್ಕ್ ಬೋರ್ಡ್ ದಾಟುವುದೇ ಒಂದು ಔಟಿಂಗ್ ಆಗಿತ್ತು. ಹಳದಿ ಮಾರ್ಗ ಬಂದ ಮೇಲೆ ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಮೂರನೇ ನಿಲ್ದಾಣ ಲಾಲ್‌ಬಾಗ್. ವೈಟ್‌ಫೀಲ್ಡಿನವರು ಕಬ್ಬನ್ ಪಾರ್ಕಿಗೆ ಒಂದೇ ರೈಲಿನಲ್ಲಿ ಬರುತ್ತಾರೆ. ಹೊರವರ್ತುಲ ರಸ್ತೆಯ ಬೆಳ್ಳಂದೂರಿನವರ ಪಾಡು ಕಷ್ಟ, ಅಲ್ಲಿ ಮೆಟ್ರೊ ಕಂಬಗಳ ಕೆಳಗೆ ಕಾಯುವುದೇ ಆಯಿತು. ಅವರಿಗೆ ನಾನು ಹೇಳುವುದು ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ. ಸುತ್ತಲಿನ ನಿವಾಸಿಗಳೇ ಮುತುವರ್ಜಿ ವಹಿಸಿ ಉಳಿಸಿಕೊಂಡ ಕೆರೆ ಅದು. ಬೆಳಿಗ್ಗೆ ಒಂದು ಸುತ್ತು ನಡೆದು, ಎಲ್ಲಾದರೂ ತಿಂಡಿ ತಿಂದು, ಹತ್ತಕ್ಕೆ ಆಫೀಸಿನಲ್ಲಿರಬಹುದು. ಔಟಿಂಗ್ ಇಡೀ ದಿನದ್ದೇ ಆಗಬೇಕೆಂದು ಯಾವ ಶಾಸ್ತ್ರದಲ್ಲಿದೆ?

ನನ್ನ ಅಕ್ಕನ ಮಗಳ ತಂಡದ್ದು ಇನ್ನೂ ವಿಚಿತ್ರ. ಅರ್ಧ ಜನ ಬೆಂಗಳೂರಿನಲ್ಲಿ, ಅರ್ಧ ಜನ ಹುಬ್ಬಳ್ಳಿ–ಧಾರವಾಡದಲ್ಲಿ ಮನೆಯಿಂದಲೇ ಕೆಲಸ. ಪ್ರತಿ ಸಲ ಹುಬ್ಬಳ್ಳಿಯವರೇ ರಾತ್ರಿ ಬಸ್ಸಿನಲ್ಲಿ ಬಂದು ಕಣ್ಣುಜ್ಜುತ್ತಾ ಗ್ರೂಪ್ ಫೋಟೊದಲ್ಲಿ ನಿಲ್ಲುತ್ತಿದ್ದರು. ಒಂದು ವರ್ಷ ಯಾರೋ ಬುದ್ಧಿವಂತರು ದಾವಣಗೆರೆ ಎಂದರು. ಎರಡೂ ಊರುಗಳ ನಡುವಿನ ರೈಲುದಾರಿಯಲ್ಲೇ ಇದೆಯಲ್ಲ, ಎರಡೂ ಕಡೆಯವರು ರೈಲಿನಲ್ಲಿ ಬಂದು ಬೆಣ್ಣೆದೋಸೆ ತಿಂದು ಸಂಜೆಗೆ ಹಿಂದಿರುಗಿದರು. 'ಚಿಕ್ಕಮ್ಮ, ದಾವಣಗೆರೇಲಿ ನೋಡೋಕೆ ಏನಿದೆ ಅಂತ ಎಲ್ಲರೂ ಕೇಳಿದ್ರು. ನಾವು ಒಬ್ಬರನ್ನೊಬ್ಬರು ನೋಡೋಕೆ ಹೋಗಿದ್ದು ಅಂದೆ' ಅಂದಳು. ಅವಳ ಮಾತು ಯಾವಾಗಲೂ ಸ್ವಲ್ಪ ಸಿನಿಮಾದಂತೆ.

ಜಾಗ ಹತ್ತಿರವಿದ್ದು ದಿನ ಭಾನುವಾರವಾದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಮಾಲೀಕರಿಗೆ ಭಾನುವಾರವೇ ಇಷ್ಟ, ಉತ್ಪಾದನೆ ನಿಲ್ಲುವುದಿಲ್ಲ. ಆದರೆ ವಾರವಿಡೀ ದುಡಿದವರಿಗೆ ಬಟ್ಟೆ ಒಗೆಯಲು, ತಲೆಗೆ ಎಣ್ಣೆ ಹಚ್ಚಿಕೊಳ್ಳಲು, ಅಮ್ಮನ ಮನೆಗೆ ಹೋಗಿಬರಲು ಇರುವುದು ಅದೊಂದೇ ದಿನ. ಮೆಟ್ರೊ ಕೂಡ ಭಾನುವಾರ ಏಳಕ್ಕೆ ಶುರು. ರಜೆಯ ದಿನವನ್ನು ಕಿತ್ತುಕೊಂಡು ಅದನ್ನೇ ಉಡುಗೊರೆ ಎಂದು ಕೊಟ್ಟರೆ ಯಾರೂ ನಗುಮುಖದಿಂದ ತೆಗೆದುಕೊಳ್ಳುವುದಿಲ್ಲ. ಶನಿವಾರ, ಸಂಬಳ ಸಹಿತ, ಕೆಲಸದ ಹೊತ್ತಿನೊಳಗೆ: ಇದು ನನ್ನ ಬೇಡಿಕೆ. ಎಂಟೂವರೆಗೆ ಪಂಚ್ ಮಾಡುವವರು ಎಂಟೂವರೆಗೆ ನಿಲ್ದಾಣಕ್ಕೆ ಬರುತ್ತಾರೆ, ಐದಕ್ಕೆ ಬಿಡುಗಡೆ. ಒಂದು ದಿನದ ಉತ್ಪಾದನೆ ಹೋಗುತ್ತದೆ ಎಂದು ಮಾಲೀಕರು ಹೇಳಿದಾಗ ನಾನು ಹಿಂದಿನ ಬಿಲ್ಲುಗಳನ್ನು ಅವರ ಮೇಜಿನ ಮೇಲೆ ಇಟ್ಟೆ. ಬಾರದವರ ಊಟಕ್ಕೆ, ಖಾಲಿ ಸೀಟಿಗೆ, ಸೌಂಡ್ ಸಿಸ್ಟಮ್ಮಿಗೆ ಕೊಟ್ಟದ್ದನ್ನೆಲ್ಲ ಒಟ್ಟು ಮಾಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, 'ನೋಡೋಣ' ಅಂದರು. ನಮ್ಮ ಮಾಲೀಕರ ಬಾಯಲ್ಲಿ ಅದು ಮುಕ್ಕಾಲು ಒಪ್ಪಿಗೆ.

ಈ ವರ್ಷ ನನ್ನ ಜಗಳ ಬೇರೆ. ಗೇಟಿನ ಸೆಕ್ಯೂರಿಟಿಯವರು, ಹೌಸ್‌ಕೀಪಿಂಗ್‌ನ ಮೂವರು ಹೆಂಗಸರು, ಲೋಡಿಂಗ್ ಹುಡುಗರು ಗುತ್ತಿಗೆದಾರರ ಪಟ್ಟಿಯಲ್ಲಿದ್ದಾರೆ, ನಮ್ಮ ಹಾಜರಿ ಪುಸ್ತಕದಲ್ಲಿಲ್ಲ. ಇಷ್ಟು ವರ್ಷ ರೆಸಾರ್ಟಿನ ಬಸ್ಸಿಗೆ ಟಾಟಾ ಮಾಡಿ ಗೇಟು ಹಾಕಿಕೊಂಡವರು ಅವರೇ. ತಲೆಗಿಷ್ಟು ಎಂದು ರೆಸಾರ್ಟಿಗೆ ಕಟ್ಟುವಾಗ ಅವರನ್ನು ಸೇರಿಸುವುದು ದುಬಾರಿ ಎನ್ನುತ್ತಿದ್ದರು, ಮೆಟ್ರೊ ಟಿಕೆಟ್ಟು ಮತ್ತು ತಿಂಡಿಯ ದುಡ್ಡಿಗೆ ಆ ಮಾತು ನಿಲ್ಲುವುದಿಲ್ಲ. ಗೇಟು ಕಾಯಲು ಒಬ್ಬರು ಬೇಕು ನಿಜ, ಬೆಳಿಗ್ಗೆ ಒಬ್ಬರು ಮಧ್ಯಾಹ್ನ ಒಬ್ಬರು ಎಂದು ಹಂಚಿಕೊಳ್ಳಬಹುದು. ಮಲ್ಲೇಶ್ವರದಂಥ ಜಾಗ ಅರ್ಧ ದಿನಕ್ಕೂ ಹೋಗಿಬರುವಷ್ಟು ಹತ್ತಿರವಿದೆ. ಆರರ ತಂಡಗಳಲ್ಲಿ ಅವರ ಹೆಸರನ್ನು ಈಗಾಗಲೇ ಬರೆದಿಟ್ಟಿದ್ದೇನೆ. ಅಂದಿನ ಅವರ ಸಂಬಳ ಕಡಿಯುವುದಿಲ್ಲ ಎಂಬ ಪತ್ರಕ್ಕೆ ಗುತ್ತಿಗೆದಾರರ ಸಹಿ ಬರುವುದು ಬಾಕಿ. ಎರಡು ಸಲ ಫೋನ್ ಮಾಡಿದ್ದೇನೆ, ಸೋಮವಾರ ಅವರ ಆಫೀಸಿಗೇ ಹೋಗುತ್ತೇನೆ.